ಪೂರ್ವ ಜರ್ಮನಿ ಇಡೀ ನೀಲಿ: ವಿದೇಶಿಯರೇ ಕಡಿಮೆ ಇರುವ ಕಡೆ ಎಎಫ್‌ಡಿಗೆ ಮತ ಯಾಕೆ ಜಾಸ್ತಿ?

ಹಾಸನದ_ಹುಡುಗ_ಕೆಮ್ನಿಟ್ಸ್
ಎಲ್ಲರಿಗೂ ನಮಸ್ಕಾರ. ಪೂರ್ವ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ, ಬಂದು ವರ್ಷ ದಾಟಿತು. 2025ರ ಫೆಬ್ರವರಿ 23ರ ಬುಂಡೆಸ್ಟಾಗ್ (ಇಲ್ಲಿಯ ಸಂಸತ್ತು) ಚುನಾವಣೆ ನಾನು ಇಲ್ಲಿ ನೋಡಿದ ಮೊದಲ ಚುನಾವಣೆ. ಮರುದಿನ ಹಾಸ್ಟೆಲ್ ಅಡುಗೆಮನೆಯಲ್ಲಿ ನಾಲ್ಕು ಜನ ಫೋನಿನಲ್ಲಿ ಫಲಿತಾಂಶದ ಭೂಪಟ ನೋಡುತ್ತಾ ನಿಂತೆವು. ಒಲೆಯ ಮೇಲಿದ್ದ ಉಪ್ಪಿಟ್ಟು ತಳ ಹಿಡಿದದ್ದೂ ಗೊತ್ತಾಗಲಿಲ್ಲ. 1990ರಲ್ಲಿ ಎರಡು ಜರ್ಮನಿ ಒಂದಾದಾಗ ಅಳಿಸಿಹೋದ ಗಡಿ ಮತ್ತೆ ಯಾರೋ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಆ ಕಡೆ ಬಲಮಧ್ಯದ ಸಿಡಿಯು-ಸಿಎಸ್‌ಯು ಜೋಡಿಯ ಕಪ್ಪು, ಈ ಕಡೆ ಪೂರ್ತಿ ವಲಸೆ ವಿರೋಧಿ ಬಲಪಕ್ಷ ಎಎಫ್‌ಡಿಯ ನೀಲಿ.

ದೇಶದ ಲೆಕ್ಕದಲ್ಲಿ ಎಎಫ್‌ಡಿಗೆ ಶೇ. 20.8. ಪೂರ್ವದ ಥುರಿಂಗಿಯಾದಲ್ಲಿ ಶೇ. 38.6, ನಮ್ಮ ಸ್ಯಾಕ್ಸನಿಯಲ್ಲಿ ಶೇ. 37.3. ಪಶ್ಚಿಮದ ಹ್ಯಾಂಬರ್ಗ್‌ನಲ್ಲಿ ಬರೀ ಶೇ. 10.9. ಬರ್ಲಿನ್ ಬಿಟ್ಟರೆ ಪೂರ್ವದ ಯಾವ ರಾಜ್ಯದಲ್ಲೂ ವಿದೇಶಿಯರು ನೂರಕ್ಕೆ ಹತ್ತು ಜನರೂ ಇಲ್ಲ. ವಿದೇಶಿಯರು ಬೇಡ ಎನ್ನುವ ಪಕ್ಷಕ್ಕೆ ವಿದೇಶಿಯರೇ ಇಲ್ಲದ ಕಡೆ ಇಷ್ಟು ಮತ ಹೇಗೆ? ಇಲ್ಲಿ ತುಂಬಾ ವರ್ಷದಿಂದ ಇರುವವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಗೌಡ್ರು_ಮ್ಯೂನಿಕ್
ಇದರಲ್ಲಿ ಬಿಡಿಸೋಕೆ ಏನಿದೆ? ಪೂರ್ವದವರು ಹೊರಗಿನವರನ್ನು ನೋಡಿಯೇ ಇಲ್ಲ. ನೋಡದೇ ಇರುವುದರ ಮೇಲೆ ಭಯ ಜಾಸ್ತಿ. ಅಷ್ಟೆ.

ಅಂಕಿಸಂಖ್ಯೆ
ಗೌಡ್ರೇ, ಅಷ್ಟೆ ಅಂದರೆ ಮುಗಿಯಲಿಲ್ಲ. ಮೊದಲು ಭೂಪಟದ ಮೋಸ ನೋಡಿ. ನೆಲ ಮತ ಹಾಕುವುದಿಲ್ಲ, ಜನ ಹಾಕುತ್ತಾರೆ. ಬರ್ಲಿನ್ ಬಿಟ್ಟು ಪೂರ್ವದ ಐದು ರಾಜ್ಯಗಳಲ್ಲಿ ಇರುವುದು ಸುಮಾರು 1.25 ಕೋಟಿ ಜನ, ದೇಶದ ಶೇ. 15. ಎಎಫ್‌ಡಿಗೆ ಬಿದ್ದ ಒಟ್ಟು ಮತ 1 ಕೋಟಿ 3 ಲಕ್ಷ. ಪೂರ್ವದಲ್ಲಿ ಎಷ್ಟೇ ಜಾಸ್ತಿ ಬಿದ್ದರೂ ಆ ಒಂದು ಕೋಟಿಯಲ್ಲಿ ಹೆಚ್ಚಿನ ಪಾಲು ಪಶ್ಚಿಮದ್ದೇ. ನಿಮ್ಮ ಬವೇರಿಯಾದಲ್ಲೂ ಶೇ. 19 ಇದೆ. ಐದು ಜನರಲ್ಲಿ ಹತ್ತಿರ ಹತ್ತಿರ ಒಬ್ಬರು. ಅಲ್ಲಿ ಮೊದಲ ಸ್ಥಾನ ಸಿಎಸ್‌ಯುಗೆ ಹೋಯಿತು, ಹಾಗಾಗಿ ಬಣ್ಣ ಕಾಣುವುದಿಲ್ಲ. ಮೊದಲು ಬಂದವರ ಬಣ್ಣ ಮಾತ್ರ ಬಳಿದರೆ ಇದೇ ಗತಿ.

ಗೌಡ್ರು_ಮ್ಯೂನಿಕ್
ಆಯ್ತು ಸರ್, ಪಕ್ಕದ ಮನೆಯವರನ್ನು ಇನ್ನು ಎಣಿಸಿಕೊಂಡು ಮಾತಾಡಿಸುತ್ತೇನೆ.

ಲೈಪ್‌ಜಿಗ್_ಲತಾ
ನಾನು 2009ರಿಂದ ಲೈಪ್‌ಜಿಗ್‌ನಲ್ಲಿದ್ದೇನೆ. ಪೌರತ್ವ ಸಿಕ್ಕಮೇಲೆ ಮತಗಟ್ಟೆ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತೇನೆ. ನಮ್ಮೂರಿನ ಹಾಗೆ ಮಷೀನ್ ಇಲ್ಲಿಲ್ಲ, ಇನ್ನೂ ಪೇಪರೇ. ಮತಪತ್ರ ಟವೆಲಿನಷ್ಟು ಉದ್ದ. ಎಡಗಡೆ ಕಪ್ಪು ಕಾಲಂ, ಅದು ಕ್ಷೇತ್ರದ ಅಭ್ಯರ್ಥಿಗೆ. ಬಲಗಡೆ ನೀಲಿ ಕಾಲಂ, ಅದು ಪಕ್ಷಕ್ಕೆ. ಸಂಜೆ ಆರಕ್ಕೆ ಬಾಗಿಲು ಹಾಕಿದ ತಕ್ಷಣ ಅದೇ ಕೋಣೆಯಲ್ಲಿ ಪೆಟ್ಟಿಗೆ ಸುರಿದು ಎಣಿಸುತ್ತೇವೆ. ಯಾರು ಬೇಕಾದರೂ ಬಂದು ನಿಂತು ನೋಡಬಹುದು, ನಮ್ಮ ಹುಡುಗರೂ ಬರಬಹುದು.

ಒಂದು ಚುನಾವಣೆಯಲ್ಲಿ ನನಗೆ ಊರಿನ ಅಂಚಿನ ಗ್ರ್ಯೂನಾವ್ ಕಡೆ ಡ್ಯೂಟಿ ಬಿತ್ತು. ಹಳೇ ಸಮಾಜವಾದಿ ಕಾಲದ ಕಾಂಕ್ರೀಟ್ ಫ್ಲ್ಯಾಟುಗಳ ಬಡಾವಣೆ. ಇನ್ನೊಂದರಲ್ಲಿ ದಕ್ಷಿಣದ ಹಳೇ ಪೇಟೆ ಕಡೆ, ವಿದ್ಯಾರ್ಥಿಗಳು, ಸೈಕಲ್ಲು, ಕಾಫಿ ಅಂಗಡಿ. ಟ್ರ್ಯಾಮ್‌ನಲ್ಲಿ ಹೋದರೆ ಎರಡಕ್ಕೂ ಅರ್ಧ ಗಂಟೆ ದಾರಿ. ಗ್ರ್ಯೂನಾವ್‌ನಲ್ಲಿ ಮೇಜಿನ ಮೇಲೆ ಎಎಫ್‌ಡಿ ಕಟ್ಟು ಏರುತ್ತಲೇ ಹೋಯಿತು. ಕೊನೆಗೆ ಜಾರಿ ಬೀಳದಿರಲಿ ಅಂತ ಎರಡು ಮಾಡಿ ಇಟ್ಟೆವು. ದಕ್ಷಿಣದಲ್ಲಿ ಅದೇ ಕಟ್ಟನ್ನು ಒಂದೇ ಕೈಯಲ್ಲಿ ಎತ್ತಿ ಎಣಿಸಿದೆ. ಊರು ಒಂದೇ, ರಾಜ್ಯ ಒಂದೇ. ಪೂರ್ವ ಇಡೀ ನೀಲಿ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಆ ಎರಡು ಮೇಜು ನೆನಪಾಗುತ್ತವೆ. 2025ರಲ್ಲಿ ಲೈಪ್‌ಜಿಗ್ ದಕ್ಷಿಣದ ಕ್ಷೇತ್ರ ಗೆದ್ದದ್ದು ಎಡಪಕ್ಷ.

ಅಂಕಿಸಂಖ್ಯೆ
ಲತಕ್ಕ, ಇದಕ್ಕೊಂದು ಸೇರಿಸುತ್ತೇನೆ. ಅಂಚೆ ಮತ ಬೇರೆ ಕಡೆ ಎಣಿಕೆಯಾಗುತ್ತದೆ. 2025ರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅಂಚೆಯಲ್ಲೇ ಹಾಕಿದ್ದಾರೆ. ಎಎಫ್‌ಡಿಯವರು ಮತಗಟ್ಟೆಗೇ ಹೋಗುವುದು ಜಾಸ್ತಿ. ಮೇಜಿನ ಮೇಲಿನ ಕಟ್ಟು ನಿಜಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ.

ಲೈಪ್‌ಜಿಗ್_ಲತಾ
ಅದೂ ಸರಿ. ಆದರೂ ಎರಡು ಮೇಜಿನ ವ್ಯತ್ಯಾಸ ಅಂಚೆಯಿಂದ ಮುಚ್ಚುವಷ್ಟು ಚಿಕ್ಕದಲ್ಲ ತಮ್ಮ.

ಪುಟ್ಟಗೌರಿ
ಮತ ಎಣಿಸಿದ್ದಕ್ಕೆ ದುಡ್ಡು ಕೊಡ್ತಾರಾ ಅಕ್ಕ?

ಲೈಪ್‌ಜಿಗ್_ಲತಾ
ಕಾಫಿ ತಿಂಡಿ ಖರ್ಚು ಅಂತ ಸ್ವಲ್ಪ ಕೊಡುತ್ತಾರೆ. ಆಲೂಗಡ್ಡೆ ಸಲಾಡ್ ಮಾತ್ರ ಮನೆಯಿಂದಲೇ ತರಬೇಕು. ನಾನು ಒಮ್ಮೆ ಚಿತ್ರಾನ್ನ ತಂದಿದ್ದೆ. ಎಲ್ಲ ಪಕ್ಷದವರೂ ತಿಂದರು.

ರೂರ್_ಕಣಿವೆ
ಬಡತನದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನಾನಿರುವುದು ಪಶ್ಚಿಮದಲ್ಲಿ, ಎಸೆನ್ ಹತ್ತಿರ. ಪಕ್ಕದ ಗೆಲ್ಸೆನ್‌ಕಿರ್ಖೆನ್ ನೋಡಿ. ಶಾಲ್ಕೆ ಫುಟ್‌ಬಾಲ್ ತಂಡದ ಊರು. 1950ರ ದಶಕದ ಕೊನೆಗೆ ಹತ್ತಿರ ಹತ್ತಿರ 4 ಲಕ್ಷ ಜನ ಇದ್ದರು, ಈಗ ಸುಮಾರು 2.6 ಲಕ್ಷ. ಕಲ್ಲಿದ್ದಲು ಗಣಿಗಳೆಲ್ಲ ಒಂದೊಂದಾಗಿ ಮುಚ್ಚಿದವು. ನಿರುದ್ಯೋಗದಲ್ಲಿ ಇಡೀ ದೇಶಕ್ಕೆ ಮೊದಲು ಎನ್ನುವ ಹೆಸರು ಅದಕ್ಕೆ ಅಂಟಿಕೊಂಡಿದೆ. ಕಾರ್ಮಿಕರ ಹಳೇ ಪಕ್ಷ ಎಸ್‌ಪಿಡಿಯ ಕೋಟೆ ಆಗಿತ್ತು. 2025ರಲ್ಲಿ ಪಕ್ಷದ ಮತದಲ್ಲಿ ಎಎಫ್‌ಡಿ ಶೇ. 24.7 ತೆಗೆದುಕೊಂಡು ಮೊದಲು ಬಂತು. ಕೈಸರ್ಸ್‌ಲಾಟರ್ನ್‌ನಲ್ಲೂ ಹಾಗೇ. ಪಶ್ಚಿಮದಲ್ಲಿ ಈ ಎರಡೇ ಕ್ಷೇತ್ರ. ಎರಡರಲ್ಲೂ ಕ್ಷೇತ್ರದ ಅಭ್ಯರ್ಥಿಯಾಗಿ ಗೆದ್ದವರು ಮಾತ್ರ ಎಸ್‌ಪಿಡಿಯವರು.

ಆಮೇಲೆ ಸೆಪ್ಟೆಂಬರ್‌ನಲ್ಲಿ ಸ್ಥಳೀಯ ಚುನಾವಣೆ. ಗೆಲ್ಸೆನ್‌ಕಿರ್ಖೆನ್, ಡ್ಯೂಸ್‌ಬರ್ಗ್, ಹಾಗೆನ್ ಮೂರು ಕಡೆ ಎಎಫ್‌ಡಿಯವರು ಮೇಯರ್ ಹುದ್ದೆಯ ಎರಡನೇ ಸುತ್ತಿಗೆ ಹೋದರು. ಮೂರರಲ್ಲೂ ಸೋತರು. ಮೊದಲ ಸುತ್ತಿನಲ್ಲಿ ಮುಂದೆ ಬರಬಹುದು, ಉಳಿದವರೆಲ್ಲ ಒಟ್ಟಾದರೆ ದಾಟುವುದು ಕಷ್ಟ.

ಗೌಡ್ರು_ಮ್ಯೂನಿಕ್
ಬಡತನವೇ ಕಾರಣ ಅಂದರೆ ಡೆಗ್ಗೆಂಡೊರ್ಫ್‌ಗೆ ಏನು ಹೇಳ್ತೀರಿ? ಕೆಳ ಬವೇರಿಯಾ. ಕೆಲಸಕ್ಕೆ ಜನ ಸಿಗದ ಊರು. 2017ರಲ್ಲಿ ಪಶ್ಚಿಮ ಜರ್ಮನಿಯಲ್ಲೇ ಎಎಫ್‌ಡಿಗೆ ಅತಿ ಜಾಸ್ತಿ ಬಿದ್ದದ್ದು ಅಲ್ಲಿ, ಶೇ. 19.2. 2015ರಲ್ಲಿ ಆಸ್ಟ್ರಿಯಾ ಗಡಿ ದಾಟಿ ನಿರಾಶ್ರಿತರು ಬಂದದ್ದು ಆ ಕಡೆಯ ಜಿಲ್ಲೆಗಳ ಮೂಲಕ. ನೋಡಿದರು, ಮತ ಹಾಕಿದರು.

ರೂರ್_ಕಣಿವೆ
ಗೌಡ್ರೇ, ಮೇಲೆ ‘ನೋಡದವರಿಗೆ ಭಯ’ ಅಂದಿರಿ. ಈಗ ‘ನೋಡಿದರು, ಮತ ಹಾಕಿದರು’ ಅಂತೀರಿ. ಯಾವುದಾದರೂ ಒಂದು ಇಟ್ಟುಕೊಳ್ಳಿ 🙂

ಕೊಪ್ಪದ_ಮಾಣಿ_ಎಸೆಕ್ಸ್
ಎರಡೂ ಇಟ್ಟುಕೊಳ್ಳಬಹುದು ಮಾರಾಯ್ರೆ. ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ ಎಷ್ಟು ಬೇಗ ಬದಲಾಯಿತು ಅನ್ನುವುದು ಮುಖ್ಯ. ನಾನು ಇಂಗ್ಲೆಂಡಿನಲ್ಲಿದ್ದೇನೆ. ಲಂಡನ್‌ನಲ್ಲಿ ಐದರಲ್ಲಿ ಇಬ್ಬರು ಹೊರದೇಶದಲ್ಲಿ ಹುಟ್ಟಿದವರು, ಅಲ್ಲಿ ಈ ತರದ ಪಕ್ಷ ನಡೆಯುವುದು ಕಷ್ಟ. ಬೋಸ್ಟನ್ ಅಂತ ಲಿಂಕನ್‌ಶೈರ್‌ನಲ್ಲಿ ಒಂದು ಸಣ್ಣ ಊರಿದೆ. ಎಲೆಕೋಸು, ಹೂಕೋಸಿನ ಹೊಲಗಳು. 2004ರ ಮೇಲೆ ಹತ್ತು ಹದಿನೈದು ವರ್ಷದಲ್ಲಿ ಪೋಲೆಂಡ್, ಲಿಥುವೇನಿಯಾದಿಂದ ಸಾವಿರಾರು ಜನ ಬಂದರು. 2016ರಲ್ಲಿ ಅಲ್ಲಿ ಬ್ರೆಕ್ಸಿಟ್ ಪರ ಬಿದ್ದದ್ದು ಶೇ. 75.6, ಇಡೀ ದೇಶಕ್ಕೇ ಮೊದಲು. 2024ರ ಸಂಸತ್ ಚುನಾವಣೆಯಲ್ಲಿ ವಲಸೆ ವಿರೋಧಿ ಪಕ್ಷ ‘ರಿಫಾರ್ಮ್’ ಗೆದ್ದ ಐದು ಸೀಟಿನಲ್ಲಿ ಬೋಸ್ಟನ್ ಮತ್ತು ಸ್ಕೆಗ್‌ನೆಸ್ ಒಂದು.

ಇನ್ನೊಂದು ಕ್ಲ್ಯಾಕ್ಟನ್, ರಿಫಾರ್ಮ್ ನಾಯಕ ಫರಾಜ್ ಗೆದ್ದದ್ದು. ಅಲ್ಲಿ ವಲಸೆಯವರು ತೀರಾ ಕಡಿಮೆ. ಸಮುದ್ರ ತೀರದ ಹಳೇ ರಜೆಯ ಊರು. ಅದೇ ಕ್ಷೇತ್ರದಲ್ಲಿ ಜೇವಿಕ್ ಅಂತ ಇದೆ, ಇಂಗ್ಲೆಂಡಿನ ಅತಿ ಹಿಂದುಳಿದ ಜಾಗ ಅಂತ ಸರ್ಕಾರದ ಪಟ್ಟಿಯಲ್ಲೇ ಮತ್ತೆ ಮತ್ತೆ ಬರುತ್ತದೆ. ನಾನೊಮ್ಮೆ ಹೋಗಿದ್ದೆ. ಬೇಸಿಗೆಗೆ ಅಂತ ಕಟ್ಟಿದ ಮರದ ಮನೆಗಳಲ್ಲಿ ಜನ ವರ್ಷಪೂರ್ತಿ ಇದ್ದಾರೆ. ಚಹಾ ಕುಡಿದ ಅಂಗಡಿಯವಳು ನನ್ನನ್ನು ಬಹಳ ಚೆನ್ನಾಗಿ ಮಾತಾಡಿಸಿದಳು, ಬಸ್ ತಪ್ಪುತ್ತದೆ ಓಡು ಅಂತ ಅವಳೇ ಅಟ್ಟಿದಳು. ಒಂದೇ ಪಕ್ಷ, ಎರಡು ಬೇರೆ ಬೇರೆ ಕಥೆ.

ಬೆಂಗ್ಳೂರ್_ಬೆಂಚು
ಮಾಣಿ ಅವರೇ, ಶೇ. 14ರಷ್ಟು ಮತ ತೆಗೆದುಕೊಂಡು ಬರೀ 5 ಸೀಟಾ?

ಕೊಪ್ಪದ_ಮಾಣಿ_ಎಸೆಕ್ಸ್
ಹೌದು. ರಿಫಾರ್ಮ್‌ಗೆ ಶೇ. 14.3, ಸೀಟು 5. ಲಿಬರಲ್ ಡೆಮಾಕ್ರಾಟರಿಗೆ ಶೇ. 12.2, ಸೀಟು 72. ಇವರ ಮತ ಎಲ್ಲ ಕಡೆ ತೆಳ್ಳಗೆ ಹರಡಿತ್ತು, ಅವರದು ಬೇಕಾದ ಕಡೆ ಗಟ್ಟಿಯಾಗಿ ಕೂತಿತ್ತು. 2015ರಲ್ಲಿ ಫರಾಜ್ ಅವರ ಹಳೇ ಪಕ್ಷ ಯುಕಿಪ್‌ಗೆ ಶೇ. 12.6 ಬಂದು ಒಂದೇ ಸೀಟು. ಅದೂ ಇದೇ ಕ್ಲ್ಯಾಕ್ಟನ್.

ಬೆಂಗ್ಳೂರ್_ಬೆಂಚು
ನಮ್ಮಲ್ಲೂ ಇದೇ ಲೆಕ್ಕ. 2018ರಲ್ಲಿ ಬಿಜೆಪಿಗೆ ಶೇ. 36ರ ಚಿಲ್ಲರೆ, ಸೀಟು 104. 2023ರಲ್ಲೂ ಶೇ. 36, ಸೀಟು 66. ಮತ ಕದಲಲಿಲ್ಲ, ಎದುರಿನವರ ಮತ ಒಟ್ಟಾಯಿತು. ಕರಾವಳಿಯಲ್ಲಿ ಮಾತ್ರ ಹಾಗೇ ಉಳಿದದ್ದು ನೋಡಿದರೆ…

ನಿರ್ವಾಹಕರು
ಬೆಂಚು ಅವರೇ, ಸೀಟಿನ ಲೆಕ್ಕದವರೆಗೆ ಸರಿ. ಕರ್ನಾಟಕದ ಪಕ್ಷಗಳ ಗುಣದೋಷ ಇಲ್ಲಿ ಬೇಡ. ಕಳೆದ ಸಲ ಆ ಚರ್ಚೆ 400 ಉತ್ತರಕ್ಕೆ ಹೋಗಿ ನನ್ನ ಭಾನುವಾರ ಹಾಳಾಗಿತ್ತು.

ಬೆಂಗ್ಳೂರ್_ಬೆಂಚು
ಸರಿ ಸರಿ. ಲೆಕ್ಕ ಮಾತ್ರ. ಜರ್ಮನಿಯಲ್ಲಿ ಹೀಗಾಗುವುದಿಲ್ಲವಾ?

ಅಂಕಿಸಂಖ್ಯೆ
ಇಲ್ಲಿ ಪಕ್ಷದ ಮತಕ್ಕೆ ತಕ್ಕಷ್ಟೇ ಸೀಟು. 630ರಲ್ಲಿ ಎಎಫ್‌ಡಿಗೆ 152. ಶೇ. 5 ದಾಟಲೇಬೇಕು, ಇಲ್ಲದಿದ್ದರೆ ಸೊನ್ನೆ (ಮೂರು ಕ್ಷೇತ್ರ ಗೆದ್ದರೆ ವಿನಾಯಿತಿ ಇದೆ). ಎಎಫ್‌ಡಿಯೇ 2013ರಲ್ಲಿ ಶೇ. 4.7ಕ್ಕೆ ನಿಂತು ಹೊರಗುಳಿದಿತ್ತು. ಹೊಸ ಕಾನೂನಿನಲ್ಲಿ ಇನ್ನೊಂದು ತಮಾಷೆ ಇದೆ. ಕ್ಷೇತ್ರದಲ್ಲಿ ಮೊದಲು ಬಂದರೂ, ಆ ರಾಜ್ಯದಲ್ಲಿ ಪಕ್ಷದ ಪಾಲಿನ ಸೀಟು ಮುಗಿದಿದ್ದರೆ ಒಳಗೆ ಹೋಗುವ ಹಾಗಿಲ್ಲ. ದೇಶದಲ್ಲಿ 23 ಜನ ಹೀಗೆ ಗೆದ್ದೂ ಮನೆಗೆ ಹೋದರು. ಅದರಲ್ಲಿ ನಾಲ್ವರು ಎಎಫ್‌ಡಿಯವರು.

ಹಾಗಂತ ಜಾಗಕ್ಕೆ ಬೆಲೆ ಇಲ್ಲ ಅಂತಲ್ಲ. ಥುರಿಂಗಿಯಾದಲ್ಲಿ 2024ರ ಸೆಪ್ಟೆಂಬರ್ 1ರ ರಾಜ್ಯ ಚುನಾವಣೆಯಲ್ಲಿ ಅವರಿಗೆ ಶೇ. 32.8 ಮತ, 88ರಲ್ಲಿ 32 ಸೀಟು. ಮೂರನೇ ಒಂದು ಪಾಲು ದಾಟಿತು. ಅಂದರೆ ಮೂರನೇ ಎರಡು ಪಾಲು ಬೇಕಾದ ಯಾವ ಕೆಲಸವೂ ಅವರನ್ನು ಬಿಟ್ಟು ಆಗುವುದಿಲ್ಲ. ರಾಜ್ಯದ ಸಂವಿಧಾನ ಬದಲಿಸುವುದೂ ಅದರಲ್ಲಿ ಸೇರಿತು. ದೇಶದಲ್ಲಿ ಅದೇ ಮತ ತೆಳ್ಳಗೆ ಹರಡಿದ್ದರೆ ಈ ಕೀಲಿ ಅವರ ಕೈಗೆ ಸಿಗುತ್ತಿರಲಿಲ್ಲ.

ಪ್ಫೋರ್ಟ್ಸ್‌ಹೈಮ್_ಪಾಟೀಲ
ಇಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ನಾನು 21 ವರ್ಷದಿಂದ ಇಲ್ಲಿದ್ದೇನೆ, ಪೌರತ್ವ ಇದೆ, ತೆರಿಗೆ ಕಟ್ಟುತ್ತೇನೆ. ಮಗಳ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಭಾಷೆ ಬರುವುದಿಲ್ಲ ಅಂತ ಹೇಳಿದರೆ ನಾನು ಕೆಟ್ಟವನಾ? ನಾನು ಎಎಫ್‌ಡಿಗೆ ಮತ ಹಾಕಿಲ್ಲ, ಆದರೆ ಹಾಕಿದವರೆಲ್ಲ ಮೂರ್ಖರು ಅನ್ನುವ ಮಾತು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ನಾನಿರುವ ಪಶ್ಚಿಮದ ಪ್ಫೋರ್ಟ್ಸ್‌ಹೈಮ್‌ನಲ್ಲಿ ಹೈಡಾಖ್ ಅಂತ ಬಡಾವಣೆ ಇದೆ. ಅಲ್ಲಿ ಹೆಚ್ಚಿನವರು ರಷ್ಯಾ, ಕಜಕಸ್ತಾನದಿಂದ 1990ರ ಆಸುಪಾಸಿನಲ್ಲಿ ಬಂದ ಜರ್ಮನ್ ಮೂಲದವರು. ಅವರೇ ವಲಸೆ ಬಂದವರು. 2016ರ ರಾಜ್ಯ ಚುನಾವಣೆಯಲ್ಲಿ ಪ್ಫೋರ್ಟ್ಸ್‌ಹೈಮ್ ಕ್ಷೇತ್ರವನ್ನು ಎಎಫ್‌ಡಿ ನೇರವಾಗಿ ಗೆದ್ದಿತು, ಹೈಡಾಖ್‌ನ ಮತ ಅದರಲ್ಲಿ ದೊಡ್ಡದು. ವಲಸೆಯವರು ವಲಸೆ ವಿರೋಧಿಗಳಿಗೆ ಮತ ಹಾಕಿದರು. ಇದನ್ನು ನಿಮ್ಮ ಪೂರ್ವ-ಪಶ್ಚಿಮದಲ್ಲಿ ಎಲ್ಲಿ ಇಡುತ್ತೀರಿ?

ಲೈಪ್‌ಜಿಗ್_ಲತಾ
ಪಾಟೀಲರೇ, ಮೂರ್ಖರು ಅಂತ ಇಲ್ಲಿ ಯಾರೂ ಅಂದಿಲ್ಲ. ಹೈಡಾಖ್ ಉದಾಹರಣೆ ಚೆನ್ನಾಗಿದೆ. ಭಾಷೆಯ ಮಾತೂ ನಿಜ. ಆದರೆ ಟ್ರ್ಯಾಮ್‌ನಲ್ಲಿ ನನ್ನ ಮಗನಿಗೆ ‘ನಿನ್ನ ದೇಶಕ್ಕೆ ಹೋಗು’ ಅಂದವನು ಅವನ ಪಾಸ್‌ಪೋರ್ಟ್ ಕೇಳಲಿಲ್ಲ. ಅವನು ಹುಟ್ಟಿದ್ದೇ ಇಲ್ಲಿ.

ಪ್ಫೋರ್ಟ್ಸ್‌ಹೈಮ್_ಪಾಟೀಲ
ಅದು ತಪ್ಪು ಅಕ್ಕೋರೆ. ಅದಕ್ಕೆ ನಾನು ಸಮರ್ಥನೆ ಕೊಡುತ್ತಿಲ್ಲ.

ಗೌಡ್ರು_ಮ್ಯೂನಿಕ್
ನಾನು ಎಲ್ಲೋ ಓದಿದ್ದೆ, ಪೂರ್ವದಲ್ಲಿ ಪಶ್ಚಿಮದ ಟಿವಿ ಸಿಗುತ್ತಿರಲಿಲ್ಲ, ಅದಕ್ಕೇ ಹೀಗೆ ಅಂತ.

ಅಂಕಿಸಂಖ್ಯೆ
ಎಲ್ಲ ಕಡೆ ಅಲ್ಲ. ಪೂರ್ವದ ಬಹುಪಾಲು ಮನೆಗಳಲ್ಲಿ ಪಶ್ಚಿಮದ ಟಿವಿ ಬರುತ್ತಿತ್ತು. ಡ್ರೆಸ್ಡೆನ್ ಕಣಿವೆ ಮತ್ತು ಈಶಾನ್ಯದ ಮೂಲೆಗೆ ಮಾತ್ರ ಸಿಗ್ನಲ್ ತಲುಪುತ್ತಿರಲಿಲ್ಲ. ‘ಏನೂ ಗೊತ್ತಿಲ್ಲದವರ ಕಣಿವೆ’ ಅಂತ ಜನ ತಮಾಷೆ ಮಾಡುತ್ತಿದ್ದರು. ಪಶ್ಚಿಮದ ಟಿವಿ ಚಾನೆಲ್ ಎಆರ್‌ಡಿ ಅಂದರೆ ‘ಡ್ರೆಸ್ಡೆನ್ ಬಿಟ್ಟು’ ಅಂತ ವಿಸ್ತರಿಸುತ್ತಿದ್ದರು. ಜೋಕ್ ಚೆನ್ನಾಗಿದೆ, ಆದರೆ ಥುರಿಂಗಿಯಾದಲ್ಲಿ ಟಿವಿ ಚೆನ್ನಾಗಿಯೇ ಬರುತ್ತಿತ್ತು. ಅಲ್ಲೇ ಈಗ ಶೇ. 38.6.

ಇತಿಹಾಸದ ಬೇರು ಹುಡುಕುವುದಾದರೆ ಬೇರೆ ಇದೆ. ಮ್ಯೂನಿಕ್ ವಿಶ್ವವಿದ್ಯಾಲಯದ ಡೇವಿಡೆ ಕಾಂಟೋನಿ ಮತ್ತು ಜೊತೆಯವರು ಊರೂರಿನ ಹಳೇ ಫಲಿತಾಂಶ ಹೊಂದಿಸಿ ನೋಡಿದರು. 1933ರಲ್ಲಿ ನಾಜಿಗಳಿಗೆ ಜಾಸ್ತಿ ಮತ ಬಿದ್ದ ಊರುಗಳಲ್ಲಿ ಎಎಫ್‌ಡಿಯ ಮತವೂ ಜಾಸ್ತಿ ಏರಿದೆ. ಆದರೆ 2013ರಲ್ಲಿ ಈ ಸಂಬಂಧ ಇರಲಿಲ್ಲ. ಆಗ ಅದು ಬೆರ್ನ್ಡ್ ಲುಕೆ ಎನ್ನುವ ಅರ್ಥಶಾಸ್ತ್ರದ ಮೇಷ್ಟ್ರು ಕಟ್ಟಿದ, ಯೂರೋ ನಾಣ್ಯ ಬೇಡ ಅನ್ನುವ ಪಕ್ಷ. 2015ರಲ್ಲಿ ಅವರು ಹೊರಬಿದ್ದು ಪಕ್ಷ ಬಲಕ್ಕೆ ಹೊರಳಿದ ಮೇಲೆ ಸಂಬಂಧ ಕಾಣಿಸಿಕೊಂಡಿತು. ಕೆಂಡ ಬೂದಿಯ ಅಡಿ ಇತ್ತು, ಊದುವವರು ಬೇಕಿತ್ತು.

ರೂರ್_ಕಣಿವೆ
ಮೊಮ್ಮಕ್ಕಳು ತಾತಂದಿರ ಹಾಗೇ ಮತ ಹಾಕ್ತಾರೆ ಅಂತಲಾ? ನನಗೆ ನಂಬಿಕೆ ಬರುತ್ತಿಲ್ಲ.

ಅಂಕಿಸಂಖ್ಯೆ
ಹಾಗಲ್ಲ. ಅದು ಊರಿನ ಸರಾಸರಿ, ಯಾವ ಮನೆಯ ಕಥೆಯೂ ಅಲ್ಲ. ಮೂಲ ಪ್ರಶ್ನೆಯಲ್ಲೂ ಇದೇ ಎಡವಟ್ಟಿದೆ, ಬೇಜಾರಾಗಬೇಡಿ. ವಿದೇಶಿಯರು ಕಡಿಮೆ ಇರುವ ಜಿಲ್ಲೆಯಲ್ಲಿ ಎಎಫ್‌ಡಿ ಜಾಸ್ತಿ ಅಂದಮಾತ್ರಕ್ಕೆ, ವಿದೇಶಿಯರನ್ನು ಕಾಣದವನೇ ಮತ ಹಾಕಿದ ಅಂತ ಆಗುವುದಿಲ್ಲ. ಪಶ್ಚಿಮದ ದೊಡ್ಡ ನಗರ ಕಲೋನ್‌ನಲ್ಲಿ ಪೌರತ್ವ ಪಡೆದ ವಲಸೆ ಮೂಲದವರೂ ಮತದಾರರು. ವಿದ್ಯಾರ್ಥಿಗಳು, ಓದಿದ ಹೆಣ್ಣುಮಕ್ಕಳು, ನಗರದಲ್ಲಿ ಕೆಲಸ ಸಿಕ್ಕವರು ಎಲ್ಲ ಅಲ್ಲಿ ಗುಡ್ಡೆಯಾಗಿದ್ದಾರೆ. ಅವರಲ್ಲಿ ಎಷ್ಟೋ ಜನ ಇದೇ ಪೂರ್ವದ ಸಣ್ಣ ಊರುಗಳಿಂದ ಎದ್ದು ಹೋದವರು.

ಲೈಪ್‌ಜಿಗ್_ಲತಾ
ನಾನು ಹೇಳಬೇಕು ಅಂತಿದ್ದದ್ದು ಇದೇ. ಯಾರು ಬಂದರು ಅಂತ ಎಲ್ಲರೂ ಕೇಳುತ್ತಾರೆ, ಯಾರು ಹೋದರು ಅಂತ ಕೇಳುವುದಿಲ್ಲ. 1991ರಿಂದ 2017ರವರೆಗೆ ಪೂರ್ವದಿಂದ ಪಶ್ಚಿಮಕ್ಕೆ ಹೋದವರಲ್ಲಿ ವಾಪಸು ಬಂದವರನ್ನು ಕಳೆದರೂ ಸುಮಾರು 12 ಲಕ್ಷ. ಜಾಸ್ತಿ ಹೋದವರು ಚಿಕ್ಕ ವಯಸ್ಸಿನವರು, ಅದರಲ್ಲೂ ಹೆಣ್ಣುಮಕ್ಕಳು. ಗೋಡೆ ಬಿದ್ದಮೇಲೆ ಟ್ರಾಯ್‌ಹ್ಯಾಂಡ್ ಅನ್ನುವ ಸರ್ಕಾರಿ ಸಂಸ್ಥೆಗೆ ಪೂರ್ವದ ಎಲ್ಲ ಕಾರ್ಖಾನೆ ಒಪ್ಪಿಸಿದರು. ಸುಮಾರು 40 ಲಕ್ಷ ಕೆಲಸಗಾರರು. 1994ರ ಕೊನೆಗೆ ಅದು ಬಾಗಿಲು ಹಾಕುವಷ್ಟರಲ್ಲಿ ಹೆಚ್ಚಿನ ಕಾರ್ಖಾನೆ ಮಾರಾಟವಾಗಿತ್ತು ಇಲ್ಲ ಮುಚ್ಚಿತ್ತು. ನನ್ನ ಹಳೇ ಸಹೋದ್ಯೋಗಿಯೊಬ್ಬಳ ಅಪ್ಪ ನೇಯ್ಗೆ ಮಿಲ್ಲಿನಲ್ಲಿ ಮೇಸ್ತ್ರಿ. 42ನೇ ವಯಸ್ಸಿಗೆ ಮನೆಗೆ ಬಂದವರು ಮತ್ತೆ ಖಾಯಂ ಕೆಲಸ ನೋಡಲೇ ಇಲ್ಲ. ಮಿಲ್ಲಿನ ಬಾಗಿಲಿನ ಕೀಲಿಗೊಂಚಲು ಇನ್ನೂ ಅವರ ಮನೆ ಮೊಳೆಯಲ್ಲಿ ನೇತಾಡುತ್ತಿದೆ.

ಹೋಯರ್ಸ್‌ವೆರ್ಡಾ ಅಂತ ನಮ್ಮ ಸ್ಯಾಕ್ಸನಿಯಲ್ಲೇ ಇದೆ. ಕಂದು ಕಲ್ಲಿದ್ದಲಿಗಾಗಿ ಬೆಳೆಸಿದ ಊರು. 80ರ ದಶಕದಲ್ಲಿ 70 ಸಾವಿರದ ಹತ್ತಿರ ಜನ, ಈಗ ಅದರ ಅರ್ಧವೂ ಇಲ್ಲ. ಫ್ಲ್ಯಾಟುಗಳನ್ನು ಸಾಲು ಸಾಲಾಗಿ ಕೆಡವಿದರು. 1991ರಲ್ಲಿ ವಿಯೆಟ್ನಾಂ, ಮೊಜಾಂಬಿಕ್ ಕೆಲಸಗಾರರ ವಸತಿಯ ಮೇಲೆ ದಿನಗಟ್ಟಲೆ ದಾಳಿ ನಡೆದದ್ದೂ ಅಲ್ಲೇ. ಅದನ್ನೂ ಮರೆಯಬಾರದು. ಆಗ ಎಎಫ್‌ಡಿ ಹುಟ್ಟಿರಲಿಲ್ಲ. 2004ರಲ್ಲಿ ಸ್ಯಾಕ್ಸನಿಯಲ್ಲಿ ಎನ್‌ಪಿಡಿ ಶೇ. 9.2 ತೆಗೆದುಕೊಂಡು ವಿಧಾನಸಭೆಗೆ ಹೋಗಿತ್ತು. ಅದು ಇನ್ನೂ ಕಡು ಬಲಪಕ್ಷ. ಹಾಗಾಗಿ ‘ಪಾಪ, ಕೆಲಸ ಹೋಯ್ತು, ಅದಕ್ಕೇ’ ಅನ್ನುವುದೂ ಅರ್ಧ ಸತ್ಯ.

ಗೌಡ್ರು_ಮ್ಯೂನಿಕ್
ಇದು ಒಪ್ಪಿದೆ.

ಪುಟ್ಟಗೌರಿ
ಗೌಡ್ರು ಒಪ್ಪಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೊಳ್ಳಿ ಎಲ್ಲರೂ.

ಝೊನ್ನೆಬರ್ಗ್_ದಾರಿಹೋಕ
ಗಡಿಯ ಒಂದು ಉದಾಹರಣೆ ಕೊಡುತ್ತೇನೆ. ನಾನು ಬವೇರಿಯಾದ ಕೋಬುರ್ಗ್‌ನಲ್ಲಿ ಕೆಲಸ ಮಾಡುತ್ತೇನೆ. ಆಚೆ ಥುರಿಂಗಿಯಾದ ಝೊನ್ನೆಬರ್ಗ್, ಹಳೇ ಆಟಿಕೆ ಊರು. 2023ರ ಜೂನ್‌ನಲ್ಲಿ ಎಎಫ್‌ಡಿಗೆ ಇಡೀ ದೇಶದಲ್ಲಿ ಮೊದಲ ಸಲ ಜಿಲ್ಲೆಯ ಮುಖ್ಯಸ್ಥನ ಹುದ್ದೆ ಸಿಕ್ಕಿದ್ದು ಅಲ್ಲಿ. ನಿರುದ್ಯೋಗ ಅಂಥದ್ದೇನೂ ಇಲ್ಲ. ನಮ್ಮ ಶಿಫ್ಟಿನಲ್ಲಿ ಅಲ್ಲಿಂದ ಬರುವವರು ಮೂವರಿದ್ದಾರೆ. ಬೆಳಗ್ಗೆ ಐದಕ್ಕೆ ಎದ್ದು ಈ ಕಡೆ ಬರುತ್ತಾರೆ, ಯಾಕೆಂದರೆ ಸಂಬಳ ಈ ಕಡೆ ಜಾಸ್ತಿ. ‘35 ವರ್ಷ ಆಯಿತು, ಇನ್ನೂ ಬೆಟ್ಟದ ಈ ಕಡೆ ಒಂದು ರೇಟು, ಆ ಕಡೆ ಒಂದು ರೇಟು’ ಅಂತ ಒಬ್ಬ ದಿನಾ ಹೇಳುತ್ತಾನೆ. ಕಾರಿನಲ್ಲಿ ಹೋದರೆ ಗಡಿ ಗೊತ್ತೇ ಆಗುವುದಿಲ್ಲ. ಒಂದು ಕಂದು ಫಲಕ ಇದೆ, ಅಷ್ಟೆ.

ಅಂಕಿಸಂಖ್ಯೆ
ಥುರಿಂಗಿಯಾ ಅಂದಿರಲ್ಲ, ಅಲ್ಲೇ ಐಕ್ಸ್‌ಫೆಲ್ಡ್ ಅಂತ ಒಂದು ಮೂಲೆ ಇದೆ. ಸುತ್ತ ಪ್ರಾಟೆಸ್ಟೆಂಟರು ಇಲ್ಲ ಧರ್ಮವೇ ಬೇಡ ಅನ್ನುವವರು, ನಡುವೆ ಇವರು ಮಾತ್ರ ಕಟ್ಟಾ ಕ್ಯಾಥೊಲಿಕರು. ಸಮಾಜವಾದಿ ಸರ್ಕಾರಕ್ಕೂ ಬಗ್ಗಲಿಲ್ಲ. ಎಎಫ್‌ಡಿಯ ರಾಜ್ಯ ನಾಯಕ ಬ್ಯೋರ್ನ್ ಹ್ಯೋಕೆ ವಾಸ ಇರುವುದು ಆ ಜಿಲ್ಲೆಯಲ್ಲೇ. 2024ರಲ್ಲಿ ಅಲ್ಲಿ ನಿಲ್ಲದೆ ಬೇರೆ ಕ್ಷೇತ್ರಕ್ಕೆ ಹೋದರು. ಐಕ್ಸ್‌ಫೆಲ್ಡ್‌ನಲ್ಲಿ ಸಿಡಿಯು ಗೆದ್ದಿತು. ಪಶ್ಚಿಮದ ಮ್ಯೂನ್‌ಸ್ಟರ್ ಕೂಡ ಹಳೇ ಕ್ಯಾಥೊಲಿಕ್ ಊರು, ಈಗ ವಿದ್ಯಾರ್ಥಿಗಳ ಊರು. 2017ರಲ್ಲಿ ದೇಶದ 299 ಕ್ಷೇತ್ರಗಳಲ್ಲಿ ಎಎಫ್‌ಡಿಗೆ ಶೇ. 5ರ ಒಳಗೆ ಬಿದ್ದದ್ದು ಅದೊಂದರಲ್ಲೇ.

ಕೊಪ್ಪದ_ಮಾಣಿ_ಎಸೆಕ್ಸ್
ಕ್ಯಾಥೊಲಿಕ್ ಆದರೆ ತಡೆ ಅಂತ ಬರೆದು ಇಡಬೇಡಿ ಮತ್ತೆ. ಗೌಡರ ಡೆಗ್ಗೆಂಡೊರ್ಫ್ ಕ್ಯಾಥೊಲಿಕ್ಕೇ.

ಅಂಕಿಸಂಖ್ಯೆ
ಸಿಕ್ಕಿಹಾಕಿಸಿದಿರಿ. ಸೇಂಟ್ ಹೆಸರಿಗಿಂತ ಸಂಘಟನೆ ಮುಖ್ಯ ಅಂತ ತಿದ್ದಿಕೊಳ್ಳುತ್ತೇನೆ. ಚರ್ಚು, ಬ್ಯಾಂಡ್ ತಂಡ, ಅಗ್ನಿಶಾಮಕ ಸಂಘ, ಕಾರ್ಮಿಕ ಸಂಘ ಇವೆಲ್ಲದರ ಜೊತೆ ಒಂದು ಹಳೇ ಪಕ್ಷ ಬೆಸೆದುಕೊಂಡಿದ್ದರೆ ಹೊಸ ಪಕ್ಷ ಒಳಗೆ ನುಗ್ಗುವುದು ನಿಧಾನ. ಪೂರ್ವದಲ್ಲಿ ಆ ಬೆಸುಗೆ 1990ರಿಂದ ಈಚೆಗೂ ಗಟ್ಟಿಯಾಗಲಿಲ್ಲ. ಪಕ್ಷದ ಸದಸ್ಯರು ಸಿಗುವುದೇ ಕಷ್ಟ.

ಇಲ್ಮೆನಾವ್_ಆಕಾಂಕ್ಷಿ
ಕ್ಷಮಿಸಿ, ವಿಷಯ ಬೇರೆ. ನನಗೆ ಥುರಿಂಗಿಯಾದ ಇಲ್ಮೆನಾವ್‌ನಲ್ಲಿ ಸೀಟು ಸಿಕ್ಕಿದೆ. ಇದೆಲ್ಲ ಓದಿ ಅಮ್ಮ ಬೇಡ ಅಂತಿದ್ದಾರೆ. ಹೋಗಬಹುದಾ?

ಲೈಪ್‌ಜಿಗ್_ಲತಾ
ಅಮ್ಮನಿಗೆ ಈ ಚರ್ಚೆ ತೋರಿಸಿದ್ದು ಯಾಕೆ ಪುಟ್ಟ? ಹೋಗು. ಬಾಡಿಗೆ ಕಡಿಮೆ, ಓದು ಚೆನ್ನಾಗಿದೆ, ನಮ್ಮ ಹುಡುಗರು ತುಂಬಾ ಜನ ಇದ್ದಾರೆ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿದ್ದ ಭಾರತದ ವಿದ್ಯಾರ್ಥಿಗಳೇ 49 ಸಾವಿರದ ಮೇಲೆ. ಭಾಷೆ ಕಲಿತುಕೋ. ರಾತ್ರಿ ಕೊನೇ ಬಸ್ ಸಮಯ ಬಾಯಿಪಾಠ ಮಾಡಿಕೋ. ಏನಾದರೂ ಆದರೆ ಸುಮ್ನೆ ಇರಬೇಡ, ದೂರು ಕೊಡು. ನನ್ನ ಮಗನ ವಿಷಯದಲ್ಲಿ ನಾನು ಕೊಡಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಪ್ಫೋರ್ಟ್ಸ್‌ಹೈಮ್_ಪಾಟೀಲ
ಅಕ್ಕೋರು ಹೇಳಿದ್ದೇ ಸರಿ. ಹೋಗಪ್ಪ.

ಹಾಸನದ_ಹುಡುಗ_ಕೆಮ್ನಿಟ್ಸ್
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉದ್ದ ಹೋಗುತ್ತದೆ ಅಂದುಕೊಂಡಿರಲಿಲ್ಲ. ಲತಕ್ಕನ ‘ಯಾರು ಹೋದರು’ ಮಾತು ಓದಿದ ಮೇಲೆ ನಾನಿರುವ ಕಟ್ಟಡ ಬೇರೆಯಾಗಿ ಕಾಣುತ್ತಿದೆ. ಹಾಸ್ಟೆಲ್ ಬಿಟ್ಟು ಎರಡು ತಿಂಗಳ ಹಿಂದೆ ಒಂದು ಹಳೇ ಫ್ಲ್ಯಾಟಿಗೆ ಬಂದಿದ್ದೇನೆ. ಬಾಗಿಲ ಬಳಿಯ ಹತ್ತು ಕರೆಗಂಟೆಗಳಲ್ಲಿ ನಾಲ್ಕಕ್ಕೆ ಹೆಸರೇ ಇಲ್ಲ, ಖಾಲಿ ಮನೆ. ಲೈಪ್‌ಜಿಗ್‌ಗೆ 80 ಕಿಲೋಮೀಟರ್. ಅಲ್ಲಿಗೆ ಹೋಗುವ ರೈಲು ದಾರಿಯಲ್ಲಿ ಅಲ್ಲಲ್ಲಿ ಒಂದೇ ಹಳಿ. ನಮ್ಮ ಅರಸೀಕೆರೆ ಪ್ಯಾಸೆಂಜರ್ ನೆನಪಾಗುತ್ತದೆ.

ಎದುರುಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ. ನನ್ನ ಪಾರ್ಸೆಲ್ ಎಲ್ಲ ಅವರೇ ತೆಗೆದಿಡುವುದು. ನಿನ್ನೆ ಪಾರ್ಸೆಲ್ ತರಲು ಹೋದವನು ಧೈರ್ಯ ಮಾಡಿ ಚುನಾವಣೆ ಬಗ್ಗೆ ಕೇಳಿಯೇ ಬಿಟ್ಟೆ. ‘ಮತ ಗುಟ್ಟು’ ಅಂದು ನಕ್ಕರು. ಹೆಣ್ಣುಮಕ್ಕಳಿಬ್ಬರು ಸ್ಟುಟ್‌ಗಾರ್ಟ್ ಕಡೆ ಇದ್ದಾರಂತೆ, 1998ರಲ್ಲಿ ಹೋದವರು, ಕ್ರಿಸ್ಮಸ್‌ಗೆ ಬರುತ್ತಾರಂತೆ. ಆಮೇಲೆ ತಿರುಗಿ ನನ್ನನ್ನೇ ಕೇಳಿದರು, ‘ನಿನ್ನ ಅಮ್ಮನ ಪಾರ್ಸೆಲ್ ಯಾರು ತೆಗೆದಿಡುತ್ತಾರೆ?’ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಪ್ಲಮ್ ಜಾಮ್ ಒಂದು ಬಾಟಲಿ ಕೊಟ್ಟು ಕಳಿಸಿದರು.

ಪುಟ್ಟಗೌರಿ
ದೋಸೆಗೆ ಹಚ್ಚಿಕೊಂಡು ನೋಡಿ, ಚೆನ್ನಾಗಿರುತ್ತೆ. ಖಾಲಿ ಬಾಟಲಿ ವಾಪಸು ಕೊಡೋದು ಮರೀಬೇಡಿ, ಇಲ್ಲಿಯ ಅಜ್ಜಿಯಂದಿರು ಲೆಕ್ಕ ಇಟ್ಟಿರ್ತಾರೆ.

ಗೌಡ್ರು_ಮ್ಯೂನಿಕ್
ಬರಿ ಬಾಟಲಿ ಕೊಡಬೇಡ ಮಾರಾಯ. ನಿಂಬೆ ಉಪ್ಪಿನಕಾಯಿ ತುಂಬಿ ಕೊಡು. ಖಾರ ಕಡಿಮೆ ಹಾಕು.